ಯಾರ ಕಡೆಯವರು?

ದಾವಣಗೆರೆಯ ಯಾವ ಬಸ್ ಸ್ಟಾಪಿನಲ್ಲಿ ನಿಂತರೂ ಕರೆಂಟ್ ಕಂಬದ ಮೇಲೆ ಒಂದು ಚೀಟಿ ಕಣ್ಣಿಗೆ ಬೀಳುತ್ತದೆ. ‘ಆಫೀಸ್ ಕೆಲಸಕ್ಕೆ ಹುಡುಗ, ಹುಡುಗಿಯರು ಬೇಕಾಗಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸ್/ಫೇಲ್, ಪಿಯುಸಿ, ಡಿಗ್ರಿ. ಅನುಭವ ಬೇಕಿಲ್ಲ. ಸಂಬಳ 15,000ದಿಂದ 25,000. ಊಟ, ವಸತಿ ಉಚಿತ.’ ಕೆಳಗೆ ಮೊಬೈಲ್ ನಂಬರ್. ಕಂಪನಿಯ ಹೆಸರಿರುವುದಿಲ್ಲ, ವಿಳಾಸ ಇರುವುದಿಲ್ಲ, ಮಾಡಬೇಕಾದ ಕೆಲಸ ಏನು ಅಂತಲೂ ಇರುವುದಿಲ್ಲ. ಆದರೂ ಜನ ಫೋನ್ ಮಾಡುತ್ತಾರೆ. ಯಾಕೆಂದರೆ ಅನುಭವ ಬೇಕಿಲ್ಲ ಅಂತ ಧೈರ್ಯವಾಗಿ ಬರೆದುಕೊಳ್ಳುವ ಜಾಹೀರಾತು ಇಡೀ ಊರಿಗೆ ಅದೊಂದೇ.

2023ರಲ್ಲಿ ಬಿಕಾಂ ಮುಗಿಸಿ ಮನೆಯಲ್ಲಿ ಕೂತಿದ್ದಾಗ ನಾನೂ ಫೋನ್ ಮಾಡಿದ್ದೆ. ಆ ಕಡೆಯವರು ಮೊದಲ ರಿಂಗಿಗೇ ಎತ್ತಿ, ನಾಳೆ ಹತ್ತು ಗಂಟೆಗೆ ಇಂಟರ್‌ವ್ಯೂ ಅಂದರು. ಮೂರನೇ ಮಹಡಿ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಟೈ ಕಟ್ಟಿಕೊಂಡ ನನ್ನ ವಯಸ್ಸಿನದೇ ಒಬ್ಬ ಹುಡುಗ. ನನ್ನ ಮಾರ್ಕ್ಸ್ ಕಾರ್ಡನ್ನು ಆತ ತೆರೆದೂ ನೋಡಲಿಲ್ಲ. ಜೀವನದಲ್ಲಿ ಏನಾಗಬೇಕು ಅಂದುಕೊಂಡಿದ್ದೀರಿ ಅಂತ ಕೇಳಿ, ಉತ್ತರಕ್ಕೂ ಕಾಯದೆ ಉದ್ದದ ಭಾಷಣ ಬಿಗಿದು, ಕೊನೆಗೆ ಟ್ರೈನಿಂಗ್ ಕಿಟ್‌ಗೆ ದುಡ್ಡು ಕಟ್ಟಬೇಕು ಅಂದ. ಕೆಲಸ ಏನಪ್ಪಾ ಅಂದರೆ ಮನೆಮನೆಗೆ ಹೋಗಿ ಸಾಮಾನು ಮಾರುವುದು, ಹಾಗೆ ಮಾರುವುದಕ್ಕೆ ಇನ್ನೊಂದಿಷ್ಟು ಜನರನ್ನು ಸೇರಿಸುವುದು. ನನ್ನ ಪಕ್ಕ ಕೂತಿದ್ದ ಜಗಳೂರು ಕಡೆಯ ಹುಡುಗ ಜೇಬಿನಿಂದ ನೋಟು ತೆಗೆದು ಎಣಿಸೋಕೆ ಶುರು ಮಾಡಿದ. ಬೇಡ ಕಣೋ ಅಂದೆ. ‘ಮತ್ತೆ ಊರಿಗೆ ಹೋಗಿ ಏನಂತ ಹೇಳ್ಲಿ ಅಕ್ಕ?’ ಅಂದ. ಅವನಿಗೆ ಕೊಡುವಂಥ ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಕೆಲಸ ಕೊಡುತ್ತೇನೆ ಅನ್ನುವವರು ನಮ್ಮಿಂದಲೇ ದುಡ್ಡು ಕೇಳಿದರೆ ಎದ್ದು ಬರಬೇಕು, ಅಷ್ಟೇ. ಅದರ ಬಗ್ಗೆ ಇನ್ನೂ ಹೆಚ್ಚು ಬರೆಯುವುದು ದಂಡ. ನನಗೆ ಬರೆಯಬೇಕಿರುವುದು ನಿಜವಾದ ಆಫೀಸುಗಳ ಬಗ್ಗೆ.

ನಿಜವಾದ ಆಫೀಸುಗಳು ಕಂಬಕ್ಕೆ ಚೀಟಿ ಅಂಟಿಸುವುದಿಲ್ಲ. ಮಂಡಿಪೇಟೆಯ ದಲಾಲಿ ಅಂಗಡಿಗಳು, ಪಿ.ಬಿ. ರಸ್ತೆಯ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸುಗಳು, ಆಡಿಟರ್ ಆಫೀಸುಗಳು, ವಕೀಲರ ಚೇಂಬರುಗಳು, ಬಟ್ಟೆ ಅಂಗಡಿಯ ಮಹಡಿ ಮೇಲಿನ ಲೆಕ್ಕದ ರೂಮು, ಸೊಸೈಟಿಗಳು. ಎಲ್ಲ ಕಡೆಯೂ ಒಬ್ಬಿಬ್ಬರು ಹೊಸಬರು ಕೆಲಸ ಮಾಡುತ್ತಲೇ ಇರುತ್ತಾರೆ. ಅವರು ಹೇಗೆ ಬಂದರು ಅನ್ನುವುದು ಮಾತ್ರ ಹೊರಗಿನವರಿಗೆ ತಿಳಿಯುವುದಿಲ್ಲ. ಕವರಿನಲ್ಲಿ ರೆಸ್ಯೂಮ್ ಇಟ್ಟುಕೊಂಡು ಇಂಥ ಮೆಟ್ಟಿಲುಗಳನ್ನು ಹತ್ತಿದ್ದೇನೆ. ಮೊದಲ ಪ್ರಶ್ನೆ ಎಲ್ಲ ಕಡೆ ಒಂದೇ: ‘ಎಕ್ಸ್‌ಪೀರಿಯನ್ಸ್ ಇದೆಯಾ?’ ಇಲ್ಲ ಸರ್ ಅಂದ ಮೇಲೆ ರೆಸ್ಯೂಮನ್ನು ಮಡಚುತ್ತಾ ಎರಡನೇ ಪ್ರಶ್ನೆ: ‘ಯಾವೂರಮ್ಮ? ಯಾರ ಕಡೆಯವರು?’

ಆಗ ಈ ಎರಡನೆಯದು ಸುಮ್ಮನೆ ಲೋಕಾಭಿರಾಮದ ಮಾತು ಅಂದುಕೊಂಡಿದ್ದೆ. ಈಗ ಒಂದು ಆಡಿಟರ್ ಆಫೀಸಿನ ಒಳಗೆ ಕೂತು ನೋಡಿದರೆ, ಅವರಿಗೆ ಬೇಕಿದ್ದದ್ದು ಆ ಎರಡನೆಯದರ ಉತ್ತರವೇ. ಮೊದಲನೆಯದನ್ನು ಮರ್ಯಾದೆಗೆ ಕೇಳುತ್ತಾರೆ.

ಯಾಕೆ ಅಂತ ಹೇಳುತ್ತೇನೆ. ನಮ್ಮದು ದೊಡ್ಡ ಆಫೀಸೇನಲ್ಲ. ಎರಡು ರೂಮು, ನಾಲ್ಕು ಕಂಪ್ಯೂಟರು, ಗೋಡೆ ತುಂಬ ಬಾಕ್ಸ್ ಫೈಲು. ಆದರೆ ಆ ಫೈಲುಗಳಲ್ಲಿ ಊರಿನ ಎಷ್ಟೋ ವ್ಯಾಪಾರಸ್ಥರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು ಇದೆ. ಡ್ರಾಯರಿನಲ್ಲಿ ಅವರ ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್‌ಗಳು ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಿದ್ದಿರುತ್ತವೆ. ಜಿಎಸ್‌ಟಿ ಪೋರ್ಟಲಿನ ಯೂಸರ್ ನೇಮು, ಪಾಸ್‌ವರ್ಡು ಒಂದು ಉದ್ದ ನೋಟ್‌ಬುಕ್ಕಿನಲ್ಲಿದೆ. ಗಿರಾಕಿಗೆ ಫೋನ್ ಮಾಡಿ ‘ಅಣ್ಣ, ಒಂದು ಓಟಿಪಿ ಬಂದಿದೆ ಹೇಳಿ’ ಅಂದರೆ ಯಾರು ಏನು ಅಂತ ಕೇಳದೆ ಹೇಳಿಬಿಡುತ್ತಾರೆ. ಹೀಗಿರುವಾಗ ನಿನ್ನೆ ಮೊನ್ನೆ ಬಂದ ಹುಡುಗಿಯ ಕೈಗೆ ಈ ಕುರ್ಚಿ ಕೊಡಬೇಕಾದರೆ ಸರ್‌ಗೆ ಏನು ಬೇಕು? ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ ಹಾಕುವುದನ್ನು ಹದಿನೈದು ದಿನದಲ್ಲಿ ಕಲಿಸಬಹುದು. ನಂಬಿಕೆಯನ್ನು ಕಲಿಸೋಕೆ ಆಗುವುದಿಲ್ಲ. ಅದಕ್ಕೇ ‘ನಮ್ಮ ಇಂಥವರ ಮಗಳು’, ‘ನಮ್ಮ ಬೀದಿಯವಳು’ ಅನ್ನುವ ಒಂದು ಮಾತನ್ನು ಅವರು ಹುಡುಕುತ್ತಾರೆ.

ಅರ್ಥವಾಗುತ್ತದೆ ಅಂದ ಮಾತ್ರಕ್ಕೆ ಒಪ್ಪಿಕೊಳ್ಳಬೇಕು ಅಂತೇನಿಲ್ಲ. ಹೀಗೆ ಕೆಲಸ ಹಂಚಿಹೋದರೆ ಅದು ಯಾರ ಮನೆಗಳಿಗೆ ಹೋಗುತ್ತದೆ ಅನ್ನುವುದು ನಮಗೆಲ್ಲ ಗೊತ್ತಿರುವುದೇ. ವ್ಯಾಪಾರಸ್ಥರ ಪರಿಚಯ ಇರುವ ಮನೆಗಳಿಗೆ, ಅಂದರೆ ಬಹುಮಟ್ಟಿಗೆ ಅವರದೇ ಜಾತಿಯ, ಅವರದೇ ನೆಂಟಸ್ತನದ ಮನೆಗಳಿಗೆ. ಬಾಯಿ ಬಿಟ್ಟು ಯಾರೂ ಜಾತಿ ಕೇಳುವುದಿಲ್ಲ. ಊರು ಕೇಳುತ್ತಾರೆ, ಊರಿನಲ್ಲಿ ಯಾವ ಕಡೆ ಮನೆ ಅಂತ ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ. ಅಷ್ಟು ಸಾಕಾಗುತ್ತದೆ. ಕೂಲಿ ಮಾಡುವವರ ಮನೆಯಲ್ಲಿ ಮೊದಲ ಸಲ ಡಿಗ್ರಿ ಮಾಡಿದ ಹುಡುಗನಿಗೆ ಮಂಡಿಪೇಟೆಯಲ್ಲಿ ‘ಕಡೆಯವರು’ ಎಲ್ಲಿಂದ ಬರಬೇಕು? ಅವನಿಗೆ ಉಳಿಯುವುದು ಮೂರು ದಾರಿ. ಬೆಂಗಳೂರು, ಸರ್ಕಾರಿ ಪರೀಕ್ಷೆ, ಇಲ್ಲವೇ ಆ ಕಂಬದ ಮೇಲಿನ ಚೀಟಿ.

ಸರ್ಕಾರಿ ಪರೀಕ್ಷೆಯ ದಾರಿ ಹಿಡಿದ ಗೆಳತಿಯರು ನನಗೆ ಬಹಳ ಜನ. ಅನುಕೂಲ ಇದ್ದವರು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಪಿಜಿ ಹಿಡಿದರು, ಉಳಿದವರು ಲೈಬ್ರರಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರು. ಆ ಪರೀಕ್ಷೆಯಲ್ಲಿ ಯಾರ ಕಡೆಯವರು ಅಂತ ಕೇಳುವುದಿಲ್ಲ. ಅದರ ಸೆಳೆತವೇ ಅದು. 2024ರಲ್ಲಿ ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬದ ಸಡಗರ. ಅದೇ ವರ್ಷ ಅಕ್ಟೋಬರ್ ಕೊನೆಗೆ, ಒಳಮೀಸಲಾತಿ ವಿಚಾರ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದಿಲ್ಲ ಅಂತ ಸರ್ಕಾರ ಹೇಳಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯುವವರ ವಯಸ್ಸು ಕಾಯುವುದಿಲ್ಲ. ಪರೀಕ್ಷೆಗೆ ಓದಿ ಓದಿ ಎರಡು ಮೂರು ವರ್ಷ ಕಳೆದ ಮೇಲೆ ಖಾಸಗಿ ಆಫೀಸಿನ ಬಾಗಿಲು ತಟ್ಟಿದರೆ, ಇಷ್ಟು ವರ್ಷ ಏನು ಮಾಡುತ್ತಿದ್ದೆ ಅಂತ ಬೇರೆ ಕೇಳುತ್ತಾರೆ. ಸಂವಿಧಾನದ ಕಲಮುಗಳೆಲ್ಲ ಬಾಯಿಪಾಠ ಇರುವ ಹುಡುಗಿಯನ್ನು ಕೂರಿಸಿಕೊಂಡು, ಏನೂ ಮಾಡಿಲ್ಲ ಅಂತ ಬರೆದುಕೊಳ್ಳುತ್ತಾರೆ.

ನನ್ನ ಕೈ ಹಿಡಿದದ್ದರಲ್ಲಿ ಯುವನಿಧಿಯ ಪಾಲೂ ಇದೆ. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಅದಕ್ಕೆ ಚಾಲನೆ ಕೊಟ್ಟರು. ನಾನಿನ್ನೂ ನಿರುದ್ಯೋಗಿ ಅಂತ ಆಗಾಗ ಆನ್‌ಲೈನಿನಲ್ಲಿ ಘೋಷಿಸಿಕೊಳ್ಳಬೇಕು. ಬಿಟ್ಟಿ ದುಡ್ಡು ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಕೆಲಸ ಹುಡುಕುವುದಕ್ಕೂ ದುಡ್ಡು ಬೇಕು. ಬಸ್ಸು, ಜೆರಾಕ್ಸು, ಡೇಟಾ ಪ್ಯಾಕು, ಇಂಟರ್‌ವ್ಯೂಗೆ ಹಾಕಿಕೊಳ್ಳೋಕೆ ಒಂದು ಜೊತೆ ನೆಟ್ಟಗಿನ ಬಟ್ಟೆ. ಇದಕ್ಕೆಲ್ಲ ಅಮ್ಮನ ಮುಂದೆ ಕೈ ಚಾಚುವಾಗ, ‘ಸುಮ್ನೆ ಗಂಡು ನೋಡೋಕೆ ಶುರು ಮಾಡ್ಲಾ?’ ಅನ್ನುವ ಮಾತು ಚಿಲ್ಲರೆಯ ಜೊತೆಗೇ ಬರುತ್ತಿತ್ತು. ಆ ಮೂರು ಸಾವಿರದಲ್ಲಿ ನಾನು ಟ್ಯಾಲಿ ಕ್ಲಾಸಿನ ಕಂತು ಕಟ್ಟಿದೆ, ಜೊತೆಗೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪಿಂಗ್ ಕಲಿತೆ.

ಟ್ಯಾಲಿ ಬೆಂಗಳೂರಿನಲ್ಲೇ ಹುಟ್ಟಿದ ಸಾಫ್ಟ್‌ವೇರ್, 1986ರಿಂದ ಇದೆ. ನಮ್ಮ ಕಡೆ ‘ಟ್ಯಾಲಿ ಬರುತ್ತಾ?’ ಅಂದರೆ ‘ಲೆಕ್ಕ ಬರೆಯೋಕೆ ಬರುತ್ತಾ?’ ಅಂತಲೇ. ಕ್ಲಾಸಿನಲ್ಲಿ ಎಫ್‌5 ಒತ್ತಿದರೆ ಪೇಮೆಂಟು, ಎಫ್‌6 ರಸೀದಿ, ಎಫ್‌8 ಮಾರಾಟ, ಎಫ್‌9 ಖರೀದಿ ಅಂತ ಹೇಳಿಕೊಡುತ್ತಾರೆ. ಎಬಿಸಿ ಟ್ರೇಡರ್ಸ್ ಅನ್ನುವ ಅಂಗಡಿಯ ಲೆಕ್ಕ. ಆ ಎಬಿಸಿ ಟ್ರೇಡರ್ಸಿನವರು ಬಹಳ ಪ್ರಾಮಾಣಿಕರು, ಅವರ ಒಂದು ಬಿಲ್ಲೂ ಕಳೆದುಹೋಗುವುದಿಲ್ಲ, ಕ್ಯಾಶು ಯಾವತ್ತೂ ಮೈನಸ್ ಆಗುವುದಿಲ್ಲ. ಅಂಥ ಅಂಗಡಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ನನಗೆ ಕೆಲಸ ಕೊಡಿಸಿದ್ದು ಟ್ಯಾಲಿ ಸರ್ಟಿಫಿಕೇಟು ಅಲ್ಲ, ಜೆರಾಕ್ಸ್ ಅಂಗಡಿಯ ಅಕ್ಕ. ರೆಸ್ಯೂಮ್ ಪ್ರಿಂಟು ತೆಗೆಸೋಕೆ ಅವರ ಹತ್ತಿರವೇ ಹೋಗುತ್ತಿದ್ದೆ. ರಶ್ಶು ಇದ್ದಾಗ ಒಳಗೆ ಹೋಗಿ, ಯಾರದೋ ಅರ್ಜಿಯನ್ನು ನುಡಿಯಲ್ಲಿ ಟೈಪ್ ಮಾಡಿಕೊಡುತ್ತಿದ್ದೆ. ನಾನೇನು ಲೆಕ್ಕಾಚಾರ ಹಾಕಿ ಹಾಗೆ ಮಾಡಿದ್ದಲ್ಲ, ಮನೆಗೆ ಹೋಗೋಕೆ ಮನಸ್ಸಾಗುತ್ತಿರಲಿಲ್ಲ ಅಷ್ಟೇ. ಆದರೆ ಸುತ್ತಲ ಆಫೀಸುಗಳ ಹುಡುಗರೆಲ್ಲ ದಿನಾ ಬಂದು ನಿಲ್ಲುವುದು ಆ ಅಂಗಡಿಯ ಮುಂದೆಯೇ. ಯಾವ ವಕೀಲರ ಹತ್ತಿರ ಟೈಪಿಸ್ಟು ಬಿಟ್ಟುಹೋದಳು, ಯಾವ ಆಡಿಟರ್ ಹುಡುಗಿಗೆ ಮದುವೆ ಗೊತ್ತಾಯಿತು ಅನ್ನುವ ಸುದ್ದಿ ಯಾವ ಆ್ಯಪಿಗೂ ಮೊದಲು ಅಕ್ಕನಿಗೆ ಸಿಗುತ್ತಿತ್ತು. 2024ರ ಜುಲೈ ಮೊದಲ ವಾರ ಅವರೇ ಒಬ್ಬ ಆಡಿಟರಿಗೆ ಫೋನ್ ಹಚ್ಚಿ, ‘ಸರ್, ನಮ್ಮ ಹುಡುಗಿ ಒಬ್ಬಳಿದಾಳೆ, ಕಳಿಸ್ತೀನಿ’ ಅಂದರು. ಅಲ್ಲಿಗೆ ನಾನೂ ಯಾರದೋ ಕಡೆಯವಳಾದೆ.

ಜುಲೈ ಅನ್ನುವುದನ್ನು ಗಮನಿಸಿ. ಆಡಿಟರ್ ಆಫೀಸಿಗೆ ಅದು ಸುಗ್ಗಿ. ಆ ವರ್ಷ ಇನ್‌ಕಂ ಟ್ಯಾಕ್ಸ್ ರಿಟರ್ನ್‌ಗೆ ಜುಲೈ 31 ಕೊನೆಯ ದಿನ. ಅದು ಮುಗಿಯುತ್ತಿದ್ದಂತೆ ಸೆಪ್ಟೆಂಬರ್ ಕೊನೆಯವರೆಗೆ ಟ್ಯಾಕ್ಸ್ ಆಡಿಟ್ಟು. ಇದರ ನಡುವೆ ಪ್ರತಿ ತಿಂಗಳೂ 11ಕ್ಕೆ ಮಾರಾಟದ ಬಿಲ್ಲುಗಳ ರಿಟರ್ನು ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನು 3ಬಿ. ಕೈ ಸಾಲದೆ ಒದ್ದಾಡುವ ಹೊತ್ತಿನಲ್ಲಿ ಯಾವ ಸರ್‌ಗೂ ಎರಡು ವರ್ಷದ ಅನುಭವ ನೆನಪಿಗೆ ಬರುವುದಿಲ್ಲ. ಆದ್ದರಿಂದ ಜೂನ್ ಕೊನೆಗೆ ಹೋಗಿ ಕೇಳಿ ಅಂತ ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ತಿಂಗಳ ಆರಂಭದ ದಿನಗಳಾದರೂ ಆದೀತು. 20ನೇ ತಾರೀಖಿನ ಸಂಜೆ ಮಾತ್ರ ಯಾವ ಜಿಎಸ್‌ಟಿ ಆಫೀಸಿಗೂ ಕಾಲಿಡಬೇಡಿ. ಪೋರ್ಟಲ್ ತೆರೆಯದ ಸಿಟ್ಟೆಲ್ಲ ನಿಮ್ಮ ಮೇಲೆ ಇಳಿಯುತ್ತದೆ.

ಅಲ್ಲಿ ನನಗೆ ಇಂಟರ್‌ವ್ಯೂ ಅಂತ ಏನೂ ಆಗಲಿಲ್ಲ. ಸರ್ ಒಂದು ಬಟ್ಟೆ ಅಂಗಡಿಯ ಕ್ಯಾರಿಬ್ಯಾಗನ್ನು ಟೇಬಲಿನ ಮೇಲೆ ಸುರಿದರು. ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳು. ‘ಇದನ್ನ ಜೋಡ್ಸಮ್ಮ’ ಅಂತ ಹೇಳಿ ಊಟಕ್ಕೆ ಹೊರಟರು.

ಎಬಿಸಿ ಟ್ರೇಡರ್ಸಿನ ಪಾಠ ಅಲ್ಲಿಗೆ ಮುಗಿಯಿತು. ಅರ್ಧ ಬಿಲ್ಲುಗಳು ಥರ್ಮಲ್ ಪೇಪರಿನವು, ಅಕ್ಷರ ಮಾಸಿ ಬರೀ ಬಿಳಿ ಹಾಳೆಯಾಗಿದ್ದವು. ಕಿಟಕಿ ಹತ್ತಿರ ಹಿಡಿದು ಓರೆಯಾಗಿ ನೋಡಿದರೆ ಮೊತ್ತ ಕಾಣುತ್ತಿತ್ತು. ಸಿಮೆಂಟು ಬಿಲ್ಲಿನ ಜೊತೆ ಡೀಸೆಲ್ ಬಿಲ್ಲು ಪಿನ್ನು ಹೊಡೆದು ಕೂತಿತ್ತು. ಡೀಸೆಲಿಗೆ ಜಿಎಸ್‌ಟಿ ಇಲ್ಲ ಅನ್ನುವುದು ಕ್ಲಾಸಿನಲ್ಲಿ ಕೇಳಿದ್ದು ನೆನಪಿಗೆ ಬಂತು, ಬೇರೆ ಇಟ್ಟೆ. ಜಿಎಸ್‌ಟಿ ನಂಬರ್ ಹದಿನೈದು ಅಕ್ಷರ, ಮೊದಲ ಎರಡು ರಾಜ್ಯದ್ದು, ನಮ್ಮದು 29. ಒಂದಷ್ಟು ಬಿಲ್ಲುಗಳು 27ರಿಂದ ಶುರುವಾಗಿದ್ದವು, ಅಂದರೆ ಮಹಾರಾಷ್ಟ್ರದ ಮಾಲು, ಅದಕ್ಕೆ ಹೊರರಾಜ್ಯದ ಮಾಲಿನ ತೆರಿಗೆ ಐಜಿಎಸ್‌ಟಿ. ಅವನ್ನೂ ಬೇರೆ ಇಟ್ಟೆ. ಎರಡು ಬಿಲ್ಲಿನಲ್ಲಿ ಹದಿನಾಲ್ಕೇ ಅಕ್ಷರ ಇತ್ತು. ಎಲ್ಲದರ ನಡುವೆ ಮಾಲೀಕರ ಮಗನ ಸ್ಕೂಲ್ ಫೀಸಿನ ರಸೀದಿ, ಒಂದು ಮದುವೆ ಛತ್ರದ ಅಡ್ವಾನ್ಸ್ ಚೀಟಿ. ಎಸೆಯೋಕೆ ಧೈರ್ಯ ಬರಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡು, ನನಗೆ ತಿಳಿಯದ್ದನ್ನೆಲ್ಲ ಬಿಲ್ ನಂಬರ್ ಸಮೇತ ಒಂದರ ಕೆಳಗೆ ಒಂದು ಬರೆದೆ.

ಊಟ ಮುಗಿಸಿ ಬಂದ ಸರ್ ಜೋಡಿಸಿದ ಬಿಲ್ಲುಗಳನ್ನು ಮುಟ್ಟಲೂ ಇಲ್ಲ, ಆ ಹಾಳೆಯನ್ನು ಎತ್ತಿಕೊಂಡು ಓದಿದರು. ಫೀಸಿನ ರಸೀದಿಯನ್ನು ಅವರ ಇನ್‌ಕಂ ಟ್ಯಾಕ್ಸ್ ಫೈಲಿಗೆ ಹಾಕು, ಅಲ್ಲಿ ಬೇಕಾಗುತ್ತೆ ಅಂದರು. ಆಮೇಲೆ ಒಳಗಿನ ರೂಮಿಗೆ ಹೋಗುತ್ತಾ, ‘ತಿಳೀದೇ ಇದ್ದಿದ್ದನ್ನ ಮುಚ್ಚಿಡ್ಲಿಲ್ಲ ನೀನು. ನಾಳೆಯಿಂದ ಬಾ’ ಅಂದರು.

ಆ ಹಾಳೆಯ ಬೆಲೆ ನನಗೆ ಗೊತ್ತಾಗಿದ್ದು ಮುಂದಿನ ತಿಂಗಳು 14ಕ್ಕೆ, ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ ಅನ್ನುವ ಖರೀದಿ ಬಿಲ್ಲುಗಳ ಪಟ್ಟಿ ಬಂದಾಗ. ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳು ಮಾತ್ರ ಅದರಲ್ಲಿ ಬರುತ್ತವೆ. ನಮ್ಮ ಗಿರಾಕಿ ಕೊಂಡ ಮಾಲಿನ ತೆರಿಗೆ ವಾಪಸ್ ಜಮೆಯಾಗಬೇಕಾದರೆ ಅವರ ಬಿಲ್ಲು ಅಲ್ಲಿರಬೇಕು. ಎಕ್ಸೆಲಿನಲ್ಲಿ ವಿಲುಕಪ್ ಅನ್ನುವ ಸೂತ್ರ ಹಾಕಿ ಎರಡೂ ಪಟ್ಟಿ ತಾಳೆ ನೋಡುವುದು ನನ್ನ ಕೆಲಸ. ಒಬ್ಬರು ಬಿಲ್ ನಂಬರ್ 045 ಅಂತ ಬರೆದಿರುತ್ತಾರೆ, ಇನ್ನೊಬ್ಬರು 45 ಅಂತ. ಕಂಪ್ಯೂಟರಿಗೆ ಅವು ಬೇರೆ ಬೇರೆ. ಒಂದು ಸೊನ್ನೆಗೋಸ್ಕರ ಸಿಮೆಂಟ್ ಡೀಲರ್‌ಗೆ ಫೋನ್ ಮಾಡಿ, ಬೈಸಿಕೊಂಡು, ಮತ್ತೆ ಫೋನ್ ಮಾಡಬೇಕು. ಅನುಭವ ಅನುಭವ ಅಂತ ಎಲ್ಲರೂ ಕೇಳುತ್ತಿದ್ದದ್ದು ಬಹುಪಾಲು ಇದನ್ನೇ. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ, ಬೇರೆಯವರ ಆಫೀಸಿನಲ್ಲಿ ಎರಡು ವರ್ಷ ಕೂತು ಬಂದವರಿಗೂ ಇದು ಬಂದೇ ಇರುತ್ತದೆ ಅಂತ ಹೇಳೋಕೆ ಬರುವುದಿಲ್ಲ.

ಸಂಬಳದ ಮಾತಿಗೆ ಬಂದರೆ, ಶುರುವಿಗೆ ಎಂಟು ಸಾವಿರ ಕೊಟ್ಟರು. ಪಿಎಫ್ ಇಲ್ಲ, ಇಪ್ಪತ್ತು ಜನರಿಲ್ಲದ ಆಫೀಸಿಗೆ ಅದು ಕಡ್ಡಾಯವೂ ಅಲ್ಲ. ಬೆಂಗಳೂರಿಗೆ ಹೋದ ನನ್ನ ಕ್ಲಾಸ್‌ಮೇಟ್‌ಗೆ 18,000 ಸಿಟಿಸಿ (ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂತ ಬ್ಯಾಕ್ ಆಫೀಸ್ ಕೆಲಸ ಸಿಕ್ಕಿತು. ಮೊದಲ ತಿಂಗಳು ಖಾತೆಗೆ ಬಂದದ್ದು ಹದಿನಾಲ್ಕೂವರೆ ಸಾವಿರದ ಆಸುಪಾಸು. ಮೋಸ ಮಾಡಿದಾರೆ ಕಣೇ ಅಂತ ಫೋನಿನಲ್ಲಿ ಅತ್ತಳು. ಕೂತು ಲೆಕ್ಕ ಹಾಕಿದೆವು. ಬೇಸಿಕ್ಕು 12,000. ಅದರ ಮೇಲೆ ಶೇ. 12ರಂತೆ ಕಂಪನಿಯ ಪಿಎಫ್ ಪಾಲು 1,440, ಅವಳ ಪಾಲು ಮತ್ತೊಂದು 1,440. ಎರಡೂ ಆ ಹದಿನೆಂಟು ಸಾವಿರದ ಒಳಗಿಂದಲೇ. ನೌಕರರ ವಿಮೆ ಇಎಸ್‌ಐಗೆ ಕಂಪನಿಯದು ಶೇ. 3.25, ಅವಳದು ಶೇ. 0.75, ಅದೂ ಒಳಗಿಂದಲೇ. ಮೋಸವೇನಲ್ಲ, ಆದರೆ ಕೆಲಸ ಕೊಡುವಾಗ ಇದನ್ನು ಬಿಡಿಸಿ ಹೇಳುವ ಸೌಜನ್ಯ ಯಾರಿಗೂ ಇರುವುದಿಲ್ಲ. ‘ಕೈಗೆ ಎಷ್ಟು ಬರುತ್ತೆ ಸರ್?’ ಅಂತ ಮೊದಲೇ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಪಿಜಿ ಬಾಡಿಗೆ ಕಳೆದರೆ ಅವಳ ಕೈಯಲ್ಲಿ ಉಳಿಯುವುದೂ ನನ್ನ ಕೈಯಲ್ಲಿ ಉಳಿಯುವುದೂ ಹೆಚ್ಚು ಕಡಿಮೆ ಒಂದೇ. ಆದರೆ ಅವಳ ಹತ್ತಿರ ಪಿಎಫ್ ಖಾತೆ ಇದೆ, ಆಫರ್ ಲೆಟರ್ ಇದೆ, ಮುಂದಿನ ಕಂಪನಿಗೆ ತೋರಿಸೋಕೆ ಪೇ ಸ್ಲಿಪ್ ಇದೆ. ನಾನು ಎರಡು ವರ್ಷ ದುಡಿದದ್ದಕ್ಕೆ ಸಾಕ್ಷಿ ಏನು?

ಹಾಗಾಗಿ ನೇಮಕಾತಿ ಪತ್ರ ಕೊಡಿ ಅಂತ ನಾನು ಕೇಳಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಅದನ್ನು ಕೊಡಬೇಕು ಅಂತಿದೆ. ಸರ್ ನಕ್ಕು, ‘ಕಾನೂನು ನಮ್ಮ ಮೇಲೇ ಪ್ರಯೋಗ ಮಾಡ್ತೀಯಲ್ಲಮ್ಮ’ ಅಂತ ಲೆಟರ್‌ಹೆಡ್ ತೆಗೆದುಕೊಟ್ಟು, ನೀನೇ ಟೈಪ್ ಮಾಡ್ಕೊಂಡು ಬಾ, ಸಹಿ ಹಾಕ್ತೀನಿ ಅಂದರು. ಎಲ್ಲರೂ ಹೀಗೆ ನಗುವುದಿಲ್ಲ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಇಟ್ಟುಕೊಂಡು ವರ್ಷದ ಬಾಂಡ್ ಬರೆಸಿಕೊಳ್ಳುವವರೂ ಇದ್ದಾರೆ. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತನ್ನಿ.

ನಮ್ಮ ಕಡೆ ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ಬಾಗಿಲಿದೆ. ಅಪ್ರೆಂಟಿಸ್ ಅಂದರೆ ಐಟಿಐನವರಿಗೆ ಅಂತಲೇ ನಾವು ಅಂದುಕೊಂಡಿರುತ್ತೇವೆ. ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಬಿಎ, ಬಿಕಾಂನವರೂ ಅದರಡಿ ಸೇರಬಹುದು. ಪದವೀಧರರಿಗೆ 2019ರ ನಿಯಮದಂತೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡು, ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು. ಕೆಲಸ ಖಾಯಂ ಆಗುತ್ತದೆ ಅನ್ನುವ ಭರವಸೆ ಇಲ್ಲ. ಆದರೆ ಕೊನೆಗೆ ಸಿಗುವ ಸರ್ಟಿಫಿಕೇಟಿನಲ್ಲಿ ಯಾರ ಕಡೆಯವರು ಅನ್ನುವುದಕ್ಕೆ ಒಂದು ಸಂಸ್ಥೆಯ ಹೆಸರಿರುತ್ತದೆ. ಮಂಡಿಪೇಟೆಯಲ್ಲಿ ಪರಿಚಯ ಇಲ್ಲದ ಹುಡುಗನಿಗೆ ಅದು ಸಣ್ಣ ಸಂಗತಿಯಲ್ಲ.

ಈಗ ನಮ್ಮ ಆಫೀಸಿಗೆ ಬರುವ ರೆಸ್ಯೂಮ್‌ಗಳನ್ನು ಮೊದಲು ನೋಡುವುದು ನಾನೇ. ಎಲ್ಲ ಒಂದೇ ಸೈಬರ್ ಸೆಂಟರಿನಲ್ಲಿ ಅಚ್ಚಾದ ಹಾಗಿರುತ್ತವೆ. ಕಠಿಣ ಪರಿಶ್ರಮಿ, ಬೇಗ ಕಲಿಯುವವರು, ಹವ್ಯಾಸ ಸಂಗೀತ ಕೇಳುವುದು. ಅನುಭವ ಅನ್ನುವ ಜಾಗದಲ್ಲಿ ‘ಫ್ರೆಶರ್’. ಕಳೆದ ಜೂನ್‌ನಲ್ಲಿ ಹರಪನಹಳ್ಳಿ ಕಡೆಯ ಒಂದು ಹಳ್ಳಿಯಿಂದ ಹುಡುಗಿಯೊಬ್ಬಳು ಬಂದಳು, ಬಿಎ ಓದಿದವಳು. ಟ್ಯಾಲಿ ಬರುತ್ತಿರಲಿಲ್ಲ. ಯಾರ ಕಡೆಯವಳೂ ಅಲ್ಲ. ಬೋರ್ಡು ನೋಡಿ ಮೆಟ್ಟಿಲು ಹತ್ತಿ ಬಂದಿದ್ದಳು. ಮನೆಯಲ್ಲಿ ಏನು ಮಾಡ್ತಿದ್ದೆ ಅಂತ ಮಾತಿಗೆ ಕೇಳಿದೆ. ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೀತಿದ್ದೆ ಅಂದಳು. ಎಷ್ಟು ದಿನದಿಂದ? ಎಂಟನೇ ಕ್ಲಾಸಿನಿಂದ. ಉಳಿತಾಯ, ಸಾಲ, ಬಡ್ಡಿ, ಯಾರು ಎಷ್ಟು ಕಂತು ಉಳಿಸಿಕೊಂಡಿದ್ದಾರೆ ಅನ್ನುವುದೆಲ್ಲ ಅವಳ ಕೈಬರಹದಲ್ಲೇ ಇತ್ತಂತೆ. ಬ್ಯಾಂಕಿನವರು ನೋಡೋಕೆ ಬಂದಾಗ ಉತ್ತರ ಹೇಳುತ್ತಿದ್ದವಳೂ ಅವಳೇ.

‘ಇದನ್ನ ಯಾಕೆ ಬರೆದಿಲ್ಲ?’ ಅಂದೆ.

‘ಅದು ಕೆಲ್ಸ ಅಲ್ಲ ಅಲ್ವಾ ಅಕ್ಕ, ಮನೇದು’ ಅಂದಳು.

ಸಂಗೀತವನ್ನು ಹೊಡೆದು ಹಾಕಿ ಆ ಜಾಗದಲ್ಲಿ ಇದನ್ನು ಪೆನ್ನಿನಲ್ಲೇ ಬರೆಸಿದೆ. ಸರ್ ನೋಡಿ, ಎಂದಿನಂತೆ ಒಂದು ಕ್ಯಾರಿಬ್ಯಾಗ್ ಸುರಿದರು. ಸಂಜೆ ಅವಳನ್ನು ಕರೆದು ಒಂಬತ್ತು ಸಾವಿರ ಅಂದರು. ಅವಳು ಬಸ್ ಚಾರ್ಜು ಸೇರಿಸಿ ಕೊಡಿ ಸರ್ ಅಂದಳು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಲ್ವೇನಮ್ಮ ಅಂತ ಸರ್ ನಕ್ಕರು.

‘ಸರ್, ನಮ್ಮೂರಿಗೆ ಬರೋದು ಪ್ರೈವೇಟ್ ಬಸ್ಸು’ ಅಂದಳು.

ಸರ್ ನನ್ನ ಮುಖ ನೋಡಿದರು. ನಾನು ಹೌದು ಸರ್ ಅಂದೆ. ಒಂಬತ್ತೂವರೆಗೆ ಮಾತಾಯಿತು.